ಬ್ರೇಕ್ ಒತ್ತಿದರೆ ಎಡ ಇಂಡಿಕೇಟರಿನ ಬಾಣ ಹೊಳೆಯುತ್ತದೆ, ಹಜಾರ್ಡ್ ಮಂಕು: ಎಲ್ಲಿಂದ ಹುಡುಕಲಿ?

ಪಡುಗಡಲು, ಉಡುಪಿ

ಎಲ್ಲರಿಗೂ ನಮಸ್ಕಾರ. ಗಾಡಿ 2011ರ ಮಾಡೆಲ್, ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮನೆಯಲ್ಲಿ ಶೆಡ್ ಇಲ್ಲ, ಅಂಗಳದಲ್ಲೇ ನಿಲ್ಲುವುದು. ಮಳೆಗಾಲ ಶುರುವಾದ ಮೇಲೆ ಹಿಂದಿನ ಲೈಟುಗಳದ್ದೊಂದು ತೊಂದರೆ ಹಿಡಿದುಕೊಂಡಿದೆ.

ಎಡ ಬದಿಯ ಬ್ರೇಕ್ ಲೈಟ್ ಉರಿಯುತ್ತದೆ, ಆದರೆ ಮಂಕು. ಬಲದ್ದು ಸರಿ ಉಂಟು, ಹಿಂದಿನ ಗಾಜಿನ ಮೇಲಿರುವ ಮೂರನೇ ಲೈಟೂ ಸರಿ ಉಂಟು. ಹಜಾರ್ಡ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕುವುದು) ಹಾಕಿದರೆ ಹಿಂದಿನ ಎಡಗಡೆಯದ್ದು ಮಾತ್ರ ಮಂಕು. ಹಜಾರ್ಡ್ ಹಾಕಿಕೊಂಡು ಬ್ರೇಕ್ ಒತ್ತಿದರೆ, ಇಂಡಿಕೇಟರ್ ಹತ್ತಿದಾಗೆಲ್ಲ ಬ್ರೇಕ್ ಲೈಟ್ ಇನ್ನೂ ಮಂಕಾಗುತ್ತದೆ, ಆರಿದಾಗ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಇನ್ನೊಂದು ವಿಷಯ, ಬೇರೆ ಯಾವ ಸ್ವಿಚ್ಚೂ ಹಾಕದೆ ಬರೀ ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡಿನಲ್ಲಿ ಎಡ ಇಂಡಿಕೇಟರಿನ ಹಸಿರು ಬಾಣ ಸಣ್ಣಗೆ ಹೊಳೆಯುತ್ತದೆ. ಹಗಲಲ್ಲಿ ಕಾಣುವುದಿಲ್ಲ, ಕತ್ತಲಾದ ಮೇಲೆ ಗೊತ್ತಾಗುತ್ತದೆ.

ವರ್ಕ್‌ಶಾಪಿನಲ್ಲಿ ಮೊದಲು ಬಲ್ಬ್ ಬದಲಾಯಿಸಿದರು, ಆಮೇಲೆ ಇಂಡಿಕೇಟರ್ ಮಿಣುಕಿಸುವ ಫ್ಲಾಷರ್ ರಿಲೇ, ಆಮೇಲೆ ಬ್ರೇಕ್ ಪೆಡಲಿನ ಸ್ವಿಚ್. ಎಂಥದೂ ವ್ಯತ್ಯಾಸ ಇಲ್ಲ. ಈಗ ಹಿಂದಿನ ವೈರಿಂಗ್ ಪೂರ್ತಿ ಹೊಸತು ಹಾಕಬೇಕು ಅಂತಿದ್ದಾರೆ. ಅಷ್ಟು ಖರ್ಚು ಮಾಡುವ ಮೊದಲು ನಾನೇ ಒಮ್ಮೆ ನೋಡುವ ಅಂತ. ಮನೆಯಲ್ಲಿ ಮಲ್ಟಿಮೀಟರ್ ಉಂಟು. ಗೊತ್ತಿದ್ದವರು ದಯವಿಟ್ಟು ಹೇಳಿ.


ಮಲ್ನಾಡ್ ರೈಡರ್, ತೀರ್ಥಹಳ್ಳಿ

ಮೊದ್ಲು ಬ್ಯಾಟರಿ ನೋಡಿ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಮೀಟರ್ ಹಿಡಿದ್ರೆ 12.4ಕ್ಕಿಂತ ಮೇಲಿರ್ಬೇಕು, ಸ್ಟಾರ್ಟ್ ಮಾಡಿದ್ಮೇಲೆ 14ರ ಆಸುಪಾಸು. ಮಳೆಗಾಲದಲ್ಲಿ ವೈಪರು, ಹೆಡ್‌ಲೈಟು, ಬ್ಲೋವರು ಎಲ್ಲಾ ಒಟ್ಟಿಗೆ ಓಡ್ತವೆ, ಬ್ಯಾಟರಿ ಸೋತಿರ್ಬಹುದು.


ವೈರ್‌ಮನ್, ಹುಬ್ಬಳ್ಳಿ

ಬ್ಯಾಟರಿ ಅಲ್ರೀ. ಬ್ಯಾಟರಿ ಸೋತಿದ್ರ ಎರಡೂ ಕಡೆ ಮಂಕ ಆಗಬೇಕಿತ್ತು. ಬ್ರೇಕ್ ಸ್ವಿಚ್ಚೂ ಅಲ್ಲ. ಒಂದ ಸ್ವಿಚ್ಚಿನಿಂದ ಮೂರೂ ಲೈಟಿಗೆ ಕರೆಂಟ್ ಹೋಗತೈತಿ, ಅದರಾಗ ಎರಡು ಚಲೋ ಉರಿಯಾಕತ್ತಾವು ಅಂದ್ಮ್ಯಾಲ ಸ್ವಿಚ್ ಯಾಕ ಬದಲಿ ಮಾಡಿದ್ರು ತಿಳೀವಲ್ದು. ರಿಲೇನೂ ಅಲ್ಲ. ರಿಲೇಗೂ ಬ್ರೇಕ್ ಲೈಟಿಗೂ ಸಂಬಂಧನ ಇಲ್ಲ.

ಉತ್ತರ ನೀವು ಬರದ ಲಕ್ಷಣದಾಗ ಐತಿ ನೋಡ್ರಿ. ಬ್ರೇಕ್ ಒತ್ತಿದ್ರ ಇಂಡಿಕೇಟರ್ ಬಾಣ ಹೊಳೀತೈತಿ. ಬ್ರೇಕಿಗೆ ಬ್ಯಾರೆ ಫ್ಯೂಸ್, ಬ್ಯಾರೆ ವೈರ್. ಇಂಡಿಕೇಟರಿಗೆ ಬ್ಯಾರೆ ಫ್ಯೂಸ್, ಬ್ಯಾರೆ ವೈರ್. ಪಾಸಿಟಿವ್ ಕಡೆ ಇವೆರಡೂ ಎಲ್ಲೂ ಕೂಡಂಗಿಲ್ಲ. ಕೂಡೋದು ಒಂದ ಜಾಗಾದಾಗ, ಎಡಗಡೆ ಹಿಂದಿನ ಲ್ಯಾಂಪಿನ ಅರ್ಥಿಂಗ್ ವೈರಿನಾಗ, ಅಂದ್ರ ಕರೆಂಟ್ ಬಾಡಿ ಹಿಡಕೊಂಡು ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗೋ ವೈರಿನಾಗ. ಟೇಲ್, ಬ್ರೇಕ್, ಇಂಡಿಕೇಟರ್, ರಿವರ್ಸ್ ಎಲ್ಲಾದಕ್ಕೂ ಅಲ್ಲಿ ಒಂದ ಕರೀ ವೈರ್ ಇರತೈತಿ, ಅದು ಬಾಡಿಗೆ ಒಂದು ಬೋಲ್ಟಿನಾಗ ಕೂತಿರತೈತಿ.

ಬಚ್ಚಲದ ತೂಬು ಕಟ್ಟಿಕೊಂಡ್ರ ನೀರು ಪಕ್ಕದ ಬಚ್ಚಲದಾಗ ಉಕ್ಕತೈತಲ್ರೀ, ಹಂಗ. ಬ್ರೇಕ್ ಬಲ್ಬಿನಿಂದ ಇಳಿದ ಕರೆಂಟಿಗೆ ಬಾಡಿಗೆ ಹೋಗಾಕ ದಾರಿ ಸಿಗವಲ್ದು. ಹಂಗಾಗಿ ಅದು ಹಿಂದಿನ ಇಂಡಿಕೇಟರ್ ಬಲ್ಬಿನೊಳಗ ಉಲ್ಟಾ ಹೊಕ್ಕು, ಇಂಡಿಕೇಟರ್ ವೈರ್ ಹಿಡಕೊಂಡು ಮುಂದ ಬಂದು, ಮುಂದಿನ ಬಲ್ಬ್ ಮತ್ತ ಡ್ಯಾಶ್‌ಬೋರ್ಡಿನ ಬಾಣದ ಮೂಲಕ ಅರ್ಥಿಂಗ್ ಸೇರತೈತಿ. ಅದಕ್ಕ ಬಾಣ ಹೊಳಿಯೋದು. ಹಜಾರ್ಡ್ ಹಾಕಿದಾಗ ಎರಡು ಬಲ್ಬಿನ ಕರೆಂಟ್ ಅದ ಕೆಟ್ಟ ಜಾಯಿಂಟಿನಾಗ ನುಗ್ಗತಾವು, ಅದಕ್ಕ ಒಂದು ಹತ್ತಿದಾಗ ಇನ್ನೊಂದು ಮಂಕ ಆಗತೈತಿ.

ಪೂರ್ತಿ ವೈರಿಂಗ್ ಹಾಕಸಬ್ಯಾಡ್ರಿ. ಎರಡು ಮೀಟರ್ ವೈರ್ ತಗೋರಿ, ಒಂದು ತುದಿ ಲ್ಯಾಂಪಿನ ಕರೀ ವೈರಿಗೆ, ಇನ್ನೊಂದು ತುದಿ ಬಣ್ಣ ಇಲ್ಲದ ಚೊಕ್ಕ ಲೋಹಕ್ಕ ಹಿಡೀರಿ. ಬಲ್ಬ್ ಪಟ್ಟನ ಜೋರಾದ್ರ ರೋಗ ಸಿಕ್ಕಂಗ.


ಪಡುಗಡಲು, ಉಡುಪಿ

ಬಹಳ ಚೆನ್ನಾಗಿ ಅರ್ಥ ಮಾಡಿಸಿದ್ರಿ ಅಣ್ಣ. ನೀವು ಹೇಳಿದ ಮೇಲೆ ಎಡಗಡೆಯ ಲ್ಯಾಂಪ್ ಬಿಚ್ಚಿ ಮೀಟರ್ ಹಿಡಿದೆ. ಬಲ್ಬ್ ತೆಗೆದು ಹೋಲ್ಡರಿನಲ್ಲಿ ನೋಡಿದರೆ ಬ್ರೇಕ್ ಒತ್ತಿದಾಗ 12.3 ತೋರಿಸುತ್ತದೆ. ಮೀಟರಿನ ಕೆಂಪು ಕಡ್ಡಿ ಬ್ರೇಕಿನ ತುದಿಗೆ, ಕಪ್ಪು ಕಡ್ಡಿ ಹೋಲ್ಡರಿನ ಅರ್ಥಿಂಗಿಗೇ ಹಿಡಿದದ್ದು. ಇನ್ನು ಕರೀ ವೈರಿನಿಂದ ಬಾಡಿಗೆ ಕಂಟಿನ್ಯುಯಿಟಿ (ದಾರಿ ಕೂಡಿದೆಯಾ ಅಂತ ನೋಡುವುದು) ಇಟ್ಟರೆ ಬೀಪ್ ಬರುತ್ತದೆ. ಹಾಗಾದರೆ ಅರ್ಥಿಂಗ್ ಸರಿ ಉಂಟು ಅಂತಲ್ವಾ? ನನಗೆ ಇಲ್ಲೇ ಗೊಂದಲ.


ನಿಧಾನವೇ ಪ್ರಧಾನ, ಮೈಸೂರು

ಸರ್, ಈ ಎರಡು ಅಳತೆಯನ್ನು ನಂಬಿ ಎಷ್ಟೋ ಜನ ಸರಿಯಿರುವ ಭಾಗಗಳನ್ನು ಬಿಸಾಡಿದ್ದಾರೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಡಿಜಿಟಲ್ ಮೀಟರಿನ ಒಳಗಿನ ರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಬಲ್ಬ್ ತೆಗೆದಾಗ ಆ ವೈರಿನಲ್ಲಿ ಕರೆಂಟೇ ಹರಿಯುವುದಿಲ್ಲ, ಮೀಟರ್ ಎಳೆಯುವುದು ಲೆಕ್ಕಕ್ಕೇ ಬಾರದಷ್ಟು. ಜಾಯಿಂಟಿನಲ್ಲಿ ಹತ್ತು ಓಮ್ ಅಲ್ಲ, ಸಾವಿರ ಓಮ್ ಕಿಲುಬು ಕೂತಿದ್ದರೂ ಮೀಟರ್ 12.3 ಅಂತಲೇ ತೋರಿಸುತ್ತದೆ. ಅದೇ ಜಾಗಕ್ಕೆ 21 ವ್ಯಾಟಿನ ಬಲ್ಬ್ ಬಂದು ಕೂತರೆ ಅದಕ್ಕೆ 1.75 ಆಂಪಿಯರ್ ಬೇಕು. ಆಗ ಜಾಯಿಂಟಿನ ಬಣ್ಣ ಬಯಲಾಗುತ್ತದೆ.

ಬೀಪ್ ವಿಷಯವೂ ಅಷ್ಟೆ. ಬಹಳಷ್ಟು ಮೀಟರುಗಳು 30, 50 ಓಮ್ ಇದ್ದರೂ ಬೀಪ್ ಅನ್ನುತ್ತವೆ. ಉರಿಯುತ್ತಿರುವ 21 ವ್ಯಾಟ್ ಬಲ್ಬಿನ ರೋಧವೇ ಸುಮಾರು 7 ಓಮ್. ಅರ್ಥಿಂಗಿನಲ್ಲಿ ಇನ್ನೊಂದು 7 ಓಮ್ ಸೇರಿಕೊಂಡರೆ ಬೀಪ್ ಕೇಳುತ್ತದೆ, ಆದರೆ ಬಲ್ಬಿಗೆ ಸೇರಬೇಕಾದ ವೋಲ್ಟಿನಲ್ಲಿ ದೊಡ್ಡ ಪಾಲು ಜಾಯಿಂಟಿನಲ್ಲೇ ಖರ್ಚಾಗುತ್ತದೆ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟ್ ಇಳಿದಷ್ಟೇ ಇಳಿಯುವುದಿಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ಇಳಿಯುತ್ತದೆ. 12ರ ಬದಲು 8 ವೋಲ್ಟ್ ಸಿಕ್ಕರೆ ಬೆಳಕು ಹೆಚ್ಚುಕಡಿಮೆ ಕಾಲು ಭಾಗ. ಹಿಂದೆ ಬರುವವನಿಗೆ ಅದು ಬ್ರೇಕೋ ಬರೀ ಟೇಲ್ ಲೈಟೋ ತಿಳಿಯುವುದಿಲ್ಲ. ಮಳೆಯಲ್ಲಂತೂ ಕೇಳಲೇಬೇಡಿ. ‘ಉರಿಯುತ್ತಲ್ಲ, ಸಾಕು’ ಅಂತ ಬಿಡುವ ದೋಷವಲ್ಲ ಇದು.

ಹಾಗಾಗಿ ಅಳತೆ ತೆಗೆಯಬೇಕಾದದ್ದು ಬಲ್ಬ್ ಹಾಕಿ, ಅದು ಉರಿಯುತ್ತಿರುವಾಗ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ ಅಥವಾ ಚೊಕ್ಕ ಲೋಹಕ್ಕೆ, ಕೆಂಪು ಕಡ್ಡಿ ಲ್ಯಾಂಪಿನ ಕರೀ ವೈರಿಗೆ. ವೈರಿನ ಮೇಲ್ಪದರ ಚುಚ್ಚಬೇಡಿ, ಉಡುಪಿಯ ಹವೆಯಲ್ಲಿ ಆ ತೂತಿನಿಂದಲೇ ಮುಂದಿನ ವರ್ಷ ಕಿಲುಬು ಶುರುವಾಗುತ್ತದೆ. ಕಪ್ಲರಿನ (ವೈರುಗಳನ್ನು ಸೇರಿಸುವ ಪ್ಲಾಸ್ಟಿಕ್ ಜೋಡಣೆ) ಹಿಂಬದಿಯಿಂದ ಗುಂಡುಪಿನ್ನು ತೂರಿಸಿ ಅದಕ್ಕೆ ಕಡ್ಡಿ ಮುಟ್ಟಿಸಿ. ಆ ಪಿನ್ನು ಪಕ್ಕದ ವೈರಿನ ಟರ್ಮಿನಲ್ಲಿಗೆ ತಾಗದ ಹಾಗೆ ನೋಡಿಕೊಳ್ಳಿ. ಬ್ರೇಕ್ ಒತ್ತಿದಾಗ 0.1 ವೋಲ್ಟ್ ಒಳಗಿದ್ದರೆ ಉತ್ತಮ, 0.2ರವರೆಗೆ ಅನುಮಾನ, ಅದಕ್ಕಿಂತ ಮೇಲಾದರೆ ಅರ್ಥಿಂಗ್ ಕೆಟ್ಟಿದೆ ಅಂತಲೇ.

ಪೆಡಲ್ ಒತ್ತಲು ಜೊತೆಗೆ ಯಾರೂ ಇಲ್ಲದಿದ್ದರೆ ಪೆಡಲಿಗೂ ಸೀಟಿಗೂ ನಡುವೆ ಒಂದು ಕೋಲು ಸಿಕ್ಕಿಸಿ. ಸೀಟನ್ನು ಒಂದೊಂದೇ ಹಲ್ಲು ಮುಂದೆ ಸರಿಸಿದರೆ ಬಿಗಿಯಾಗಿ ಕೂರುತ್ತದೆ.


ಪಡುಗಡಲು, ಉಡುಪಿ

ನೀವಿಬ್ಬರೂ ಹೇಳಿದ ಹಾಗೇ ಮಾಡಿದೆ. ಬ್ರೇಕ್ ಮಾತ್ರ ಒತ್ತಿದಾಗ ಎಡಗಡೆಯ ಕರೀ ವೈರಿನಲ್ಲಿ 4.1 ವೋಲ್ಟ್. ಹಜಾರ್ಡ್ ಕೂಡ ಹಾಕಿದರೆ ಒಮ್ಮೆ 4, ಒಮ್ಮೆ 6ರ ಹತ್ತಿರ, ಇಂಡಿಕೇಟರಿನ ಜೊತೆಗೇ ಏರಿಳಿಯುತ್ತದೆ. ಎರಡೂ ಆರಿದಾಗ ಸೊನ್ನೆ. ಹುಬ್ಬಳ್ಳಿ ಅಣ್ಣ ಹೇಳಿದ ಬೇರೆ ವೈರ್ ಹಿಡಿದ ಕೂಡಲೇ ಬ್ರೇಕ್ ಲೈಟ್ ಬಲಗಡೆಯಷ್ಟೇ ಜೋರಾಯಿತು, ಬಾಣದ ಹೊಳಪೂ ಹೋಯಿತು.

ಈಗ ಪ್ರಶ್ನೆ, ಕರೀ ವೈರ್ ಎಲ್ಲಿಗೆ ಹೋಗುತ್ತದೆ? ಡಿಕ್ಕಿಯ ಒಳಗೆ ಪ್ಲಾಸ್ಟಿಕ್ ಟ್ರಿಮ್ ಹಿಂದೆ ಮಾಯವಾಗುತ್ತದೆ.


ವೈರ್‌ಮನ್, ಹುಬ್ಬಳ್ಳಿ

ಟ್ರಿಮ್ಮಿನ ಕ್ಲಿಪ್ಪು ಬಿಚ್ಚರಿ. ಅವಸರ ಮಾಡಬ್ಯಾಡ್ರಿ, ಹಳೇ ಪ್ಲಾಸ್ಟಿಕ್ ಚಟ್ ಅಂತ ಮುರೀತೈತಿ. ಹ್ಯಾಚ್‌ಬ್ಯಾಕಿನಾಗ ಬಹಳ ಮಾಡಿ ಲ್ಯಾಂಪಿನ ಕೆಳಗ, ಚಕ್ರದ ಗೂಡಿನ ಮ್ಯಾಲ ಇಲ್ಲಾಂದ್ರ ಡಿಕ್ಕಿ ನೆಲದ ಅಂಚಿನಾಗ ಒಂದು ಬೋಲ್ಟ್ ಇರತೈತಿ. 10 ನಂಬರ್ ಪಾನಾ ಸಾಕು. ಬೋಲ್ಟ್ ಬಿಚ್ಚೋಕಿಂತ ಮೊದಲ ಮೀಟರ್ ಇನ್ನೊಮ್ಮೆ ಹಿಡೀರಿ: ಬೋಲ್ಟಿನ ತಲಿ ಮ್ಯಾಲ ಎಷ್ಟು, ವೈರಿನ ತುದಿಯ ಲಗ್ಗಿನ (ಬೋಲ್ಟಿಗೆ ಕೂಡೋ ಲೋಹದ ಉಂಗುರ) ಮ್ಯಾಲ ಎಷ್ಟು. ಲಗ್ಗಿನ ಮ್ಯಾಲ 4 ಐತಿ, ಬೋಲ್ಟಿನ ಮ್ಯಾಲ ಸೊನ್ನೆ ಐತಿ ಅಂದ್ರ ಅವೆರಡರ ನಡುವನ ಕಿಲುಬು. ಲಗ್ಗಿನ ಮ್ಯಾಲನೂ ಸೊನ್ನೆ ಬಂತಂದ್ರ ಮ್ಯಾಲೆ ಕಪ್ಲರಿನಾಗ ಅಥವಾ ವೈರಿನಾಗ ಹುಡುಕಬೇಕು. ಹಿಂಗ ಒಂದೊಂದ ಗೇಣು ಸರದ್ರ ರೋಗ ತಪ್ಪಿಸಿಕೊಳ್ಳಾಕ ಆಗಂಗಿಲ್ಲ.


ಹಳೇಗಾಡಿ ಪ್ರೇಮಿ, ಬೆಂಗಳೂರು

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದೂ ಹತ್ತಿರದ್ದೇ ಸಮಸ್ಯೆ. 90ರ ದಶಕದ ಗಾಡಿ. ಹಜಾರ್ಡ್ ಹಾಕಿದ್ರೆ ನಾಲ್ಕೂ ಲೈಟು ಚೆನ್ನಾಗಿ ಮಿಣುಕುತ್ತೆ. ಆದ್ರೆ ಇಂಡಿಕೇಟರ್ ಕೈ ಎಡಕ್ಕೆ ಎತ್ತಿದ್ರೂ ಬಲಕ್ಕೆ ಎಳೆದ್ರೂ ಏನೂ ಇಲ್ಲ. ಒಮ್ಮೊಮ್ಮೆ ತಾನಾಗೇ ಸರಿಹೋಗುತ್ತೆ. ಸ್ಟೀರಿಂಗ್ ಕೆಳಗಿನ ಸ್ವಿಚ್ ಬದಲಾಯಿಸಿ ಅಂತಾರೆ. ಅದು ದುಬಾರಿ, ಸಿಗೋದೂ ಕಷ್ಟ.


ವೈರ್‌ಮನ್, ಹುಬ್ಬಳ್ಳಿ

ಹಜಾರ್ಡ್ ಚಾಲೂ ಆಗತೈತಿ ಅಂದ್ರ ನಾಲ್ಕೂ ಬಲ್ಬ್, ಅವುಗಳ ಅರ್ಥಿಂಗ್, ಫ್ಲಾಷರ್ ರಿಲೇ ಎಲ್ಲಾ ಬರೋಬ್ಬರಿ ಅದಾವು. ಅವನ್ನ ಮುಟ್ಟಬ್ಯಾಡ್ರಿ. ಹಳೇ ಗಾಡಿಯಾಗ ರಿಲೇಗೆ ಕರೆಂಟ್ ಎರಡು ದಾರಿಯಿಂದ ಬರತೈತಿ. ಇಂಡಿಕೇಟರಿಗೆ ಚಾವಿ ತಿರುವಿದ ಮ್ಯಾಲ ಬರೋ ಫ್ಯೂಸು, ಹಜಾರ್ಡಿಗೆ ಬ್ಯಾಟರಿಯಿಂದ ನೇರ ಬರೋ ಫ್ಯೂಸು. ಚಾವಿ ತಗದು ಕಿಸೇದಾಗ ಇಟ್ಟಕೊಂಡ್ರೂ ಹಜಾರ್ಡ್ ನಡೀಬೇಕಲ್ರೀ, ಅದಕ್ಕ. ಯಾವ ದಾರಿ ಅನ್ನೋದನ್ನ ಆರಿಸೋದು ಹಜಾರ್ಡ್ ಸ್ವಿಚ್. ಅಂದ್ರ ಇಂಡಿಕೇಟರಿನ ಕರೆಂಟೂ ಹಜಾರ್ಡ್ ಸ್ವಿಚ್ಚಿನ ಹೊಟ್ಟಿಯೊಳಗಿಂದನ ಹಾದು ಹೋಗತೈತಿ.

ಮೊದಲ ಇಂಡಿಕೇಟರಿನ ಫ್ಯೂಸ್ ನೋಡ್ರಿ. ಅದು ಸರಿ ಇದ್ರ ಹಜಾರ್ಡ್ ಬಟನ್ ಸಾಲಾಗಿ ಇಪ್ಪತ್ತು ಮೂವತ್ತು ಸಲ ಒತ್ತಿ ಬಿಟ್ಟು ಮಾಡ್ರಿ. ವರ್ಷಗಟ್ಟಲೆ ಯಾರೂ ಒತ್ತಿರಂಗಿಲ್ಲ, ಒಳಗ ಕಾಂಟ್ಯಾಕ್ಟಿನ ಮ್ಯಾಲ ಕರೀ ಪೊರಿ ಕೂತಿರತೈತಿ. ಒತ್ತಿದ ಮ್ಯಾಲ ಇಂಡಿಕೇಟರ್ ಚಾಲೂ ಆತಂದ್ರ ಸ್ವಿಚ್ ಹೊರಗ ತಗದು ಕಾಂಟ್ಯಾಕ್ಟ್ ಕ್ಲೀನರ್ ಹೊಡೀರಿ.

ಇದರ ಉಲ್ಟಾನೂ ನೆನಪಿಟ್ಟುಕೋರಿ. ಇಂಡಿಕೇಟರ್ ನಡೀತೈತಿ, ಹಜಾರ್ಡ್ ಇಲ್ಲ ಅಂದ್ರ ಹಜಾರ್ಡ್ ಫ್ಯೂಸ್ ಅಥವಾ ಅದ ಸ್ವಿಚ್. ಒಂದ ಬದಿ ದಬದಬ ಜೋರಾಗಿ ಮಿಣುಕಿದ್ರ ಆ ಬದಿ ಒಂದು ಬಲ್ಬ್ ಹೋಗೈತಿ.


ಹಳೇಗಾಡಿ ಪ್ರೇಮಿ, ಬೆಂಗಳೂರು

ಅಣ್ಣ, ನಿಮಗೆ ದೊಡ್ಡ ನಮಸ್ಕಾರ! ಬಟನ್ ಒತ್ತಿ ಬಿಟ್ಟು ಮಾಡ್ತಾ ಇದ್ದ ಹಾಗೇ ಇಂಡಿಕೇಟರ್ ಜೀವ ಬಂತು. ಜೆ.ಸಿ. ರಸ್ತೇಲಿ ಹಜಾರ್ಡ್ ಸ್ವಿಚ್ ಹೊಸದೇ ಸಿಗುತ್ತಂತೆ, ತಂದು ಹಾಕಿಬಿಡ್ತೀನಿ.


ನಿಧಾನವೇ ಪ್ರಧಾನ, ಮೈಸೂರು

ಒಂದು ಎಚ್ಚರಿಕೆ, ಹೊಸಬರು ಓದುತ್ತಿದ್ದರೆ ಅಂತ. ಸ್ಟೀರಿಂಗ್ ಕಾಲಮ್ ಬಿಚ್ಚುವ ಕೆಲಸ ಬಂದರೆ, ಅಲ್ಲಿ ಹಳದಿ ಬಣ್ಣದ ಕಪ್ಲರ್ ಕಂಡರೆ ಕೈ ಹಾಕಬೇಡಿ, ಮೀಟರ್ ಹಿಡಿಯಲೇಬೇಡಿ. ಅದು ಏರ್‌ಬ್ಯಾಗಿನದು. ಮೀಟರಿನಿಂದ ಹೋಗುವ ಸಣ್ಣ ಕರೆಂಟನ್ನೂ ಅಲ್ಲಿ ನಂಬುವಂತಿಲ್ಲ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಂಪನಿಯ ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾದು, ಗೊತ್ತಿರುವವರಿಂದಲೇ ಮಾಡಿಸಿ.


ಡೆಟ್ರಾಯಿಟ್ ಕನ್ನಡಿಗ

ಅಮೆರಿಕದಲ್ಲಿ ಹಳೆ ಗಾಡಿ ಓಡಿಸುವ ನಮ್ಮವರಿಗಾಗಿ ಒಂದು ವ್ಯತ್ಯಾಸ ಹೇಳಬೇಕು. ಊರಿನಲ್ಲಿ ಹಿಂದಿನ ಇಂಡಿಕೇಟರ್ ಹಳದಿ, ಬ್ರೇಕ್ ಕೆಂಪು, ಎರಡೂ ಬೇರೆ ಬೇರೆ ಬಲ್ಬ್. ಇಲ್ಲಿ ಹಿಂದಿನ ಇಂಡಿಕೇಟರ್ ಕೆಂಪಗಿರಲು ಕಾನೂನಿನ ಅಡ್ಡಿ ಇಲ್ಲ. ಹಾಗಾಗಿ ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಫಿಲಮೆಂಟ್. ಹಳೆಯ ಗಾಡಿಗಳಲ್ಲಿ ಬ್ರೇಕ್ ಪೆಡಲಿನಿಂದ ಬಂದ ಕರೆಂಟ್ ಸ್ಟೀರಿಂಗ್ ಮೇಲಿನ ಇಂಡಿಕೇಟರ್ ಸ್ವಿಚ್ ಒಳಗಿನಿಂದ ಹಾದೇ ಹಿಂದಕ್ಕೆ ಹೋಗುತ್ತದೆ. ಅಂಥ ಗಾಡಿಯಲ್ಲಿ ಮೂರನೇ ಬ್ರೇಕ್ ಲೈಟ್ ಸರಿಯಾಗಿದ್ದು, ಕೆಳಗಿನ ಎರಡರಲ್ಲಿ ಒಂದು ಉರಿಯದಿದ್ದರೆ, ಬಲ್ಬ್ ನೋಡಿಯಾದ ಮೇಲೆ ಆ ಸ್ವಿಚ್ಚನ್ನೇ ಅನುಮಾನಿಸಬೇಕು. ಊರಿನ ಗಾಡಿಯಲ್ಲಿ ಅದೇ ಲಕ್ಷಣಕ್ಕೆ ಆ ಸ್ವಿಚ್ ಮುಟ್ಟುವ ಅಗತ್ಯವೇ ಇಲ್ಲ. ಇಲ್ಲಿನ ವಿಡಿಯೊ ನೋಡಿ ಊರಿನ ಗಾಡಿ ಬಿಚ್ಚುವವರು ಇದನ್ನು ಗಮನಿಸಿ.

ಮೂರನೇ ಬ್ರೇಕ್ ಲೈಟ್ ಇಲ್ಲಿ 1986ರ ಮಾಡೆಲ್‌ನಿಂದ ಎಲ್ಲ ಕಾರುಗಳಿಗೂ ಕಡ್ಡಾಯ. ದೋಷ ಹುಡುಕುವವನಿಗೆ ಆ ಲೈಟ್ ದೊಡ್ಡ ಸಹಾಯ. ಪೆಡಲ್ ಸ್ವಿಚ್ಚಿನಿಂದ ಅದಕ್ಕೆ ದಾರಿ ನೇರ. ಮೂರೂ ಆರಿದರೆ ಫ್ಯೂಸ್ ಅಥವಾ ಪೆಡಲ್ ಸ್ವಿಚ್, ಅದೊಂದೇ ಉರಿದರೆ ಮುಂದೆ ಕವಲೊಡೆದ ಮೇಲಿನ ತೊಂದರೆ.

ಇತ್ತೀಚಿನ ಗಾಡಿಗಳ ಕಥೆ ಬೇರೆ. ಪೆಡಲ್ ಸ್ವಿಚ್ ಬರೀ ಸುದ್ದಿ ಮುಟ್ಟಿಸುತ್ತದೆ, ಲೈಟ್ ಹಚ್ಚುವುದು ಬಾಡಿ ಕಂಟ್ರೋಲ್ ಕಂಪ್ಯೂಟರ್. ಅಲ್ಲಿ ದೊಡ್ಡ ಬಲ್ಬಿನ ಟೆಸ್ಟ್ ಲ್ಯಾಂಪ್ ಎಲ್ಲೆಂದರಲ್ಲಿ ಚುಚ್ಚಬಾರದು, ಮೊದಲು ಸ್ಕ್ಯಾನರ್ ಹಾಕಿ ಪೆಡಲ್ ಸುದ್ದಿ ಬರುತ್ತಿದೆಯಾ ನೋಡಬೇಕು.


ಬೆಣ್ಣೆನಗರಿ, ದಾವಣಗೆರೆ

ನಮ್ಮನೆ ಗಾಡೀಲಿ ಬ್ರೇಕ್ ಒತ್ತಿದ್ರೆ ಫ್ಯೂಸ್ ಹೋಗ್ತಿದೆ. ಯಾವಾಗ್ಲೂ ಅಲ್ಲ. ಹೊಸದು ಹಾಕಿದ್ರೆ ಎರಡು ದಿನ ಚೆನ್ನಾಗಿರುತ್ತೆ, ಡಿಕ್ಕಿ ತೆಗೆದು ಸಾಮಾನು ಹಾಕಿ ಹೊರಟ್ರೆ ಮತ್ತೆ ಹೋಗಿರುತ್ತೆ. ಆ ಫ್ಯೂಸ್ ಹೋದ್ರೆ ಹಾರ್ನ್ ಕೂಡ ಬರಲ್ಲ. 10 ಆಂಪಿಯರ್ ಇರೋ ಜಾಗಕ್ಕೆ 20 ಹಾಕಿಬಿಡಿ ಅಂತ ಪಕ್ಕದ ಗ್ಯಾರೇಜಲ್ಲಿ ಹೇಳಿದ್ರು. ಹಾಕ್ಬಹುದಾ?


ವೈರ್‌ಮನ್, ಹುಬ್ಬಳ್ಳಿ

ಬ್ಯಾಡ್ರೀ, ಕೈ ಮುಗೀತೀನಿ. ಫ್ಯೂಸ್ ಹೋಗೋದು ವೈರ್ ಉಳೀಲಿ ಅಂತ. 20 ಹಾಕಿದ್ರ ಫ್ಯೂಸ್ ಉಳೀತೈತಿ, ಟ್ರಿಮ್ ಹಿಂದಿನ ವೈರ್ ಕಾದು ಪ್ಲಾಸ್ಟಿಕ್ ಹತ್ತಿಕೋತೈತಿ. ತಾಮ್ರದ ಎಳಿ ಸುತ್ತೋದು, ಸಿಗರೇಟಿನ ಬೇಗಡಿ ಹಾಕೋದು ಇದಕ್ಕಿಂತ ಕೆಟ್ಟದ್ದು.

ಡಿಕ್ಕಿ ತಗದಾಗ ಅಂತ ನೀವ ಹೇಳೀರಿ. ಡಿಕ್ಕಿ ಬಾಗಿಲಿನ ಕೀಲಿನ ಹತ್ರ ರಬ್ಬರಿನ ಸುಕ್ಕುಸುಕ್ಕು ಕೊಳವಿ ಇರತೈತಿ ನೋಡ್ರಿ, ಬಾಡಿಯಿಂದ ಬಾಗಿಲಿಗೆ ವೈರ್ ಹೋಗೋದು ಅದರೊಳಗ. ಮೂರನೇ ಬ್ರೇಕ್ ಲೈಟ್, ನಂಬರ್ ಪ್ಲೇಟಿನ ಲೈಟ್, ಹಿಂದಿನ ವೈಪರ್ ಎಲ್ಲಾ ಅಲ್ಲಿಂದನ. ಬಾಗಿಲು ಎತ್ತಿ ಇಳಿಸಿ ವರ್ಷಾನುಗಟ್ಟಲೆ ಮಡಚಿ ಮಡಚಿ ವೈರಿನ ಮ್ಯಾಲಿನ ಪದರ ಒಡೀತೈತಿ. ಬ್ರೇಕಿನ ವೈರ್ ಪಕ್ಕದ ಕರೀ ವೈರಿಗೋ ತಗಡಿಗೋ ತಾಗಿದ್ರ ಫ್ಯೂಸ್ ಹಾರತೈತಿ. ಕೊಳವಿ ಜಗ್ಗಿ ಹೊರಗ ತಗದು ಒಂದೊಂದ ವೈರ್ ಬಗ್ಗಿಸಿ ನೋಡ್ರಿ.


ನಿಧಾನವೇ ಪ್ರಧಾನ, ಮೈಸೂರು

ಅಣ್ಣ ಹೇಳಿದ ಜಾಗವೇ ಇರಬೇಕು. ಫ್ಯೂಸ್ ಮೇಲೆ ಫ್ಯೂಸ್ ಸುಡದೆ ಖಚಿತ ಮಾಡಿಕೊಳ್ಳುವ ದಾರಿ ಇದು: ಬ್ರೇಕಿನ ಎರಡೂ ಬಲ್ಬ್ ತೆಗೆಯಿರಿ, ಮೂರನೇ ಲೈಟಿನ ಕಪ್ಲರ್ ಬಿಚ್ಚಿ. ಫ್ಯೂಸ್ ಜಾಗದಲ್ಲಿ ಎರಡು ವೈರ್ ಕೂರಿಸಿ, ನಡುವೆ ಒಂದು 21 ವ್ಯಾಟಿನ ಬಲ್ಬ್ ಕಟ್ಟಿ. ಪೆಡಲಿಗೆ ಕೋಲು. ಈಗ ಉರಿಯಲು ಬೇರೇನೂ ಉಳಿದಿಲ್ಲ, ಆದ್ದರಿಂದ ಆ ಬಲ್ಬ್ ಆರಿರಬೇಕು. ಡಿಕ್ಕಿ ಬಾಗಿಲು ನಿಧಾನವಾಗಿ ಎತ್ತಿ ಇಳಿಸಿ, ರಬ್ಬರ್ ಕೊಳವೆ ಹಿಂಡಿ. ಎಲ್ಲಿ ಬಲ್ಬ್ ಝಗ್ ಅಂತ ಹತ್ತಿತೋ ಅಲ್ಲೇ ಶಾರ್ಟ್. ಎಷ್ಟು ಹೊತ್ತು ಶಾರ್ಟ್ ಇದ್ದರೂ ಬಲ್ಬ್ 2 ಆಂಪಿಯರ್ ಹತ್ತಿರಕ್ಕೇ ತಡೆದು ನಿಲ್ಲಿಸುವುದರಿಂದ ವೈರಿಗೆ ಅಪಾಯವಿಲ್ಲ. ಬ್ರೇಕಿನ ಫ್ಯೂಸಲ್ಲೇ ಹಾರ್ನೂ ಇದೆ ಅಂದಿರಿ, ಈ ಪರೀಕ್ಷೆ ಮಾಡುವಾಗ ಹಾರ್ನ್ ಒತ್ತಬೇಡಿ, ಅದಕ್ಕೂ ಬಲ್ಬ್ ಹತ್ತುತ್ತದೆ.

ಸಿಕ್ಕ ಮೇಲೆ ಬರೀ ಟೇಪ್ ಸುತ್ತಿ ಬಿಡಬೇಡಿ, ಮಡಚುವ ಜಾಗದಲ್ಲಿ ಟೇಪ್ ನಿಲ್ಲುವುದಿಲ್ಲ. ಹೆಚ್ಚು ಎಳೆಗಳಿರುವ ಮೆತ್ತನೆಯ ಆಟೊ ವೈರ್ ತುಂಡು ಸೇರಿಸಿ, ಜಾಯಿಂಟ್ ಎರಡೂ ಕೊಳವೆಯ ಹೊರಗೆ ಬರುವ ಹಾಗೆ ಮಾಡಿ, ಹೀಟ್ ಶ್ರಿಂಕ್ (ಕಾಯಿಸಿದರೆ ಬಿಗಿಯುವ ಕೊಳವೆ) ಹಾಕಿ.


ಮಲ್ನಾಡ್ ರೈಡರ್, ತೀರ್ಥಹಳ್ಳಿ

ನಮ್ಮೂರಲ್ಲಿ ಇನ್ನೊಂದು ಕೇಸ್ ಬಹಳ. ಬ್ರೇಕ್ ಲೈಟ್ ಆರೋದೇ ಇಲ್ಲ, ಬೆಳಿಗ್ಗೆ ಬ್ಯಾಟರಿ ಖಾಲಿ. ಪೆಡಲಿನ ತೋಳಲ್ಲಿ ಸ್ವಿಚ್ಚಿನ ಮೊಳೆ ಒತ್ತೋ ಜಾಗದಲ್ಲಿ ನಾಲ್ಕಾಣೆ ಗಾತ್ರದ ರಬ್ಬರ್ ಬಿಲ್ಲೆ ಇರುತ್ತೆ. ಹಳೇದಾಗಿ ಪುಡಿಯಾಗಿ ಮ್ಯಾಟ್ ಮೇಲೆ ಬಿದ್ದಿರುತ್ತೆ. ಮೊಳೆ ಆ ತೂತಲ್ಲಿ ಹೊರಗೇ ಉಳಿದು ಸ್ವಿಚ್ ಆನ್ ಆಗೇ ಇರುತ್ತೆ. ಸ್ವಿಚ್ ಬದಲಾಯಿಸೋ ಮೊದ್ಲು ಮ್ಯಾಟ್ ಕೆಳಗೆ ಕೈ ಆಡ್ಸಿ, ರಬ್ಬರ್ ಚೂರು ಸಿಕ್ರೆ ಅದೇ. ಬಿಲ್ಲೆ ಬೆಲೆ ಏನೂ ಇಲ್ಲ.

ಹಜಾರ್ಡ್ ಮಾತು ಬಂತು ಅಂತ ಇದನ್ನೂ ಬರೀತೀನಿ. ಆಗುಂಬೆ, ಚಾರ್ಮಾಡಿಯಲ್ಲಿ ಮಂಜು ಬಿದ್ರೆ ಹಜಾರ್ಡ್ ಹಾಕ್ಕೊಂಡು ಓಡಿಸೋರು ದಯವಿಟ್ಟು ಬಿಡಿ. ಹಿಂದಿನವನಿಗೆ ನೀವು ನಿಂತಿದ್ದೀರೋ ಹೋಗ್ತಿದ್ದೀರೋ ಗೊತ್ತಾಗಲ್ಲ, ತಿರುವಲ್ಲಿ ನೀವು ಯಾವ ಕಡೆ ಅಂತಲೂ ಹೇಳೋಕಾಗಲ್ಲ, ನಾಲ್ಕೂ ಮಿಣುಕ್ತಿರುತ್ತಲ್ಲ. ಹೆಡ್‌ಲೈಟ್ ಡಿಮ್ ಹಾಕಿ, ಟೇಲ್ ಲೈಟ್ ತಾನೇ ಉರಿಯುತ್ತೆ.


ಪಡುಗಡಲು, ಉಡುಪಿ

ಸಿಕ್ಕಿತು ಮಾರಾಯ್ರೆ!

ಟ್ರಿಮ್ ತೆಗೆದರೆ ಬೋಲ್ಟ್ ಚಕ್ರದ ಗೂಡಿನ ಮೇಲೆಯೇ ಇತ್ತು. ಬೋಲ್ಟಿನ ತಲೆಯ ಮೇಲೆ ಸೊನ್ನೆ, ಲಗ್ಗಿನ ಮೇಲೆ ನಾಲ್ಕಕ್ಕೆ ಹತ್ತಿರ. ಬಿಚ್ಚಿ ನೋಡಿದರೆ ಲಗ್ ಪೂರ್ತಿ ಹಸಿರು, ಅದರ ಕೆಳಗಿನ ತಗಡಿನಲ್ಲಿ ತುಕ್ಕಿನ ಉಂಗುರ. ಲಗ್ಗಿಗೆ ಸೇರುವಲ್ಲಿ ವೈರಿನ ಎಳೆಗಳು ಕಪ್ಪಾಗಿ, ಬೆರಳಲ್ಲಿ ಉಜ್ಜಿದರೆ ಪುಡಿಪುಡಿ ಉದುರಿದವು. ನೀರು ಎಲ್ಲಿಂದ ಅಂತ ನೋಡಿದರೆ ಲ್ಯಾಂಪಿನ ಹಿಂದಿನ ಸ್ಪಂಜಿನ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಹರಿದಿದೆ. ಅಲ್ಲಿಂದ ಇಳಿದ ನೀರು ವೈರ್ ಹಿಡಿದುಕೊಂಡು ನೇರ ಬೋಲ್ಟಿನ ಮೇಲೆಯೇ ಬೀಳುತ್ತಿತ್ತು.

ಕಪ್ಪಾದಷ್ಟು ವೈರ್ ಕತ್ತರಿಸಿ, ತಾಮ್ರ ಕೆಂಪಗೆ ಕಾಣುವವರೆಗೆ ಹೋಗಿ ಹೊಸ ಲಗ್ ಹಾಕಿದೆ. ತಗಡನ್ನು ಎಮರಿ ಪೇಪರಿನಲ್ಲಿ ಹೊಳೆಯುವವರೆಗೆ ತಿಕ್ಕಿದೆ. ಈಗ ಬ್ರೇಕ್ ಒತ್ತಿದರೆ ಕರೀ ವೈರಿನಲ್ಲಿ 0.05 ವೋಲ್ಟ್, ಹಜಾರ್ಡ್ ಸೇರಿದರೂ 0.09. ಬಾಣ ಹೊಳೆಯುವುದಿಲ್ಲ. ರಾತ್ರಿ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ನೋಡಿದೆ, ಎಡಕ್ಕೂ ಬಲಕ್ಕೂ ಒಂದೇ ಬೆಳಕು.

ಖರ್ಚಾದದ್ದು ಲಗ್ಗು, ಎಮರಿ ಪೇಪರು, ಗ್ಯಾಸ್ಕೆಟಿಗೆ ಸ್ವಲ್ಪ ಸ್ಪಂಜಿನ ಪಟ್ಟಿ, ಅಷ್ಟೇ. ಪೂರ್ತಿ ವೈರಿಂಗ್ ಹಾಕಿಸಿದ್ದರೂ ಅದೇ ತುಕ್ಕಿನ ತಗಡಿಗೆ ಹೊಸ ಲಗ್ ಕೂರಿಸುತ್ತಿದ್ದರು ಅಂತ ಯೋಚಿಸಿದರೆ ಸಿಟ್ಟು ಬರುತ್ತದೆ. ಹುಬ್ಬಳ್ಳಿ ಅಣ್ಣನಿಗೂ ಮೈಸೂರಿನ ಸರ್‌ಗೂ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ.

ಈಗ ಬಲ್ಬಿಗೆ ಎಲ್‌ಇಡಿ ಹಾಕಿದರೆ ಕರೆಂಟ್ ಕಡಿಮೆ, ಇಂಥ ತೊಂದರೆ ಮತ್ತೆ ಬರುವುದಿಲ್ಲ ಅಂತ ಒಬ್ಬರು ಹೇಳಿದರು. ಹೌದಾ?


ನಿಧಾನವೇ ಪ್ರಧಾನ, ಮೈಸೂರು

ಬಹಳ ಸಂತೋಷ ಸರ್. 4.1ರಿಂದ 0.05, ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಎಲ್‌ಇಡಿ ಬೇಡ ಅಂತ ನನ್ನ ಸಲಹೆ. ಇಂಡಿಕೇಟರಿಗೆ ಹಾಕಿದರೆ ಕರೆಂಟ್ ಕಡಿಮೆಯಾಗಿ ರಿಲೇ ‘ಬಲ್ಬ್ ಹೋಗಿದೆ’ ಎಂದು ತಿಳಿದು ದಡದಡ ಮಿಣುಕಿಸುತ್ತದೆ. ನಿಮಿಷಕ್ಕೆ 60ರಿಂದ 120 ಸಲ ಎಂಬುದು ಇಂಡಿಕೇಟರಿನ ಮಿತಿ, ಇದು ಅದನ್ನೂ ಮೀರುತ್ತದೆ. ಅದಕ್ಕೆ ಪರಿಹಾರ ಅಂತ ಮಾರುವ 6 ಓಮಿನ ರೆಸಿಸ್ಟರ್ ಸುಮ್ಮನೆ 24 ವ್ಯಾಟ್ ಶಾಖ ಉಗುಳುತ್ತದೆ, ಪ್ಲಾಸ್ಟಿಕ್ಕಿಗೆ ತಾಗಿದರೆ ಕರಗಿಸುತ್ತದೆ. ಬ್ರೇಕಿಗೆ ಹಾಕಿದರೂ ನಿಮ್ಮ ಲ್ಯಾಂಪಿನ ಕನ್ನಡಿಯನ್ನು ಫಿಲಮೆಂಟ್ ಇರುವ ಜಾಗ ಲೆಕ್ಕ ಹಾಕಿ ಮಾಡಿರುತ್ತಾರೆ. ಬೇರೆ ಬಲ್ಬಿನಿಂದ ಬೆಳಕು ಎತ್ತೆತ್ತಲೋ ಹೋಗುತ್ತದೆ.

ಬಲ್ಬ್ ತರುವಾಗ ಪಿ21/5ಡಬ್ಲ್ಯು ಅಂತಲೇ ಕೇಳಿ, ಎರಡು ಫಿಲಮೆಂಟಿನದು. ಅದರ ಎರಡು ಪಕ್ಕದ ಮೊಳೆಗಳು ಒಂದೇ ಎತ್ತರದಲ್ಲಿರುವುದಿಲ್ಲ, ಸರಿಯಾದ ದಿಕ್ಕಿನಲ್ಲಿ ಮಾತ್ರ ಕೂರಲಿ ಅಂತ. ಒಂದೇ ಫಿಲಮೆಂಟಿನ ಬಲ್ಬನ್ನು ಬಲವಂತವಾಗಿ ತಿರುಗಿಸಿ ಕೂರಿಸಿದರೆ ಅದರ ಅಗಲವಾದ ತಳ ಬ್ರೇಕ್, ಟೇಲ್ ಎರಡೂ ತುದಿಯನ್ನು ಸೇರಿಸಿಬಿಡುತ್ತದೆ. ಆಗ ಬ್ರೇಕ್ ಒತ್ತಿದರೆ ಟೇಲ್ ಲೈಟೂ ಡ್ಯಾಶ್‌ಬೋರ್ಡಿನ ಬೆಳಕೂ ಹತ್ತುತ್ತವೆ.


ವೈರ್‌ಮನ್, ಹುಬ್ಬಳ್ಳಿ

ಚಲೋ ಆತ್ರಿ. ಬಲಗಡೆ ಬೋಲ್ಟನ್ನೂ ಒಮ್ಮೆ ಅಳೀರಿ. ಮಳಿ ಎರಡೂ ಕಡೆ ಬಿದ್ದೈತಿ. ಬೋಲ್ಟ್ ಬಿಗಿ ಮಾಡಿದ ಮ್ಯಾಲ ಹೊರಗಿನಿಂದ ವ್ಯಾಸಲೀನ್ ಹಚ್ಚರಿ, ಲಗ್ಗಿನ ಕೆಳಗ ತುಂಬಬ್ಯಾಡ್ರಿ. ಲೋಹಕ್ಕ ಲೋಹ ಕೂತ ಮ್ಯಾಲ ಹಚ್ಚೋದು.


ಪಡುಗಡಲು, ಉಡುಪಿ

ಬಲಗಡೆ ಅಳೆದೆ ಅಣ್ಣ, 0.3 ಬಂತು. ಲೈಟ್ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಅದನ್ನೂ ಬಿಚ್ಚಿ ತಿಕ್ಕಿ ಕೂರಿಸಿದೆ, ಈಗ 0.04. ಸ್ಟಾರ್ ವಾಷರ್ ಹಾಕಬೇಕಾ?


ವೈರ್‌ಮನ್, ಹುಬ್ಬಳ್ಳಿ

ಹಾಕ್ರಿ. 6 ಎಂಎಂ ಬೋಲ್ಟ್ ಇದ್ರ 6ರದ್ದ ವಾಷರ್. ಹಲ್ಲು ತಗಡಿನ ಕಡೆ ಕಚ್ಚಿ ಕೂಡಂಗ ಲಗ್ಗಿನ ಕೆಳಗ ಬರಬೇಕು.